ಮೊಮ್ಮಗನೊಡನೆ ನಾಲ್ಕು ಊರು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುಗಾಡಿಯಲ್ಲಿ ಕುಳಿತವರು ಬಿಡದಿಯನ್ನು ದಾಟಿದ ಕೆಲವು ನಿಮಿಷಗಳಿಗೆಲ್ಲ ಕಿಟಕಿಯ ಕಡೆಗೆ ಮುಖ ತಿರುಗಿಸುವರು. ಬಂಡೆಯ ಮೇಲೆ ಬಂಡೆ, ಅದರ ಮೇಲೊಂದು ಗುಂಡು. ಈಗಲೋ ಆಗಲೋ ಉರುಳಿಬಿಡುವಂತೆ ತೋರಿ, ಎಂದೆಂದಿಗೂ ಉರುಳದೆ ನಿಂತಿರುವ ಆ ಬೆಟ್ಟಗಳ ಸಾಲು ರಾಮನಗರದ ಗುರುತು. ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷವೆಂದು ಭೂಗರ್ಭಶಾಸ್ತ್ರಜ್ಞರು ಗಣಿಸಿರುವರು. ಅವರು ಅದಕ್ಕೆ ಇಟ್ಟಿರುವ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್ ಎಂದು. ಏಕೆಂದರೆ ಊರಿಗೂ ಆಗ ಅದೇ ಹೆಸರಿದ್ದಿತು. 1799ರ ತರುವಾಯ ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಎಂಬವರ ಹೆಸರು ಈ ಪೇಟೆಗೆ ಬಿದ್ದು ನೂರೈವತ್ತು ವರ್ಷ ಉಳಿಯಿತು. ಆ ಮೇಲೆ ಅದು ರಾಮನಗರವಾಯಿತು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಒಂದು ಜಿಲ್ಲೆಯಾದುವು. 2025ರಲ್ಲಿ ಸರ್ಕಾರವು ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಮರಳಿ ನಾಮಕರಣ ಮಾಡಿತು. ಹೆಸರುಗಳು ಬಂದು ಹೋಗುತ್ತಿರುವುವು. ಬಂಡೆ ಮಾತ್ರ ಇದ್ದಂತೆಯೇ ಇರುವುದು.

ಹೆಸರಿನ ಮಾತನ್ನು ಮೊದಲಿಗೇ ಎತ್ತಿದ್ದಕ್ಕೆ ಕಾರಣವುಂಟು. ಈ ನಾಲ್ಕು ಊರುಗಳ ಕೋಟೆ, ಗುಡಿ, ಹೊಳೆಗಳನ್ನು ಕುರಿತು ಬಲ್ಲವರು ಅನೇಕರು ಬರೆದಿರುವರು. ನಾನು ಕಳೆದ ಮಾಘಮಾಸದಲ್ಲಿ ಅಲ್ಲೆಲ್ಲ ಸುತ್ತಿದ್ದು ಆರು ವರ್ಷದ ಮೊಮ್ಮಗನ ಕೈ ಹಿಡಿದುಕೊಂಡು. ಮನೆಯಲ್ಲಿ ಅವನನ್ನು ಪುಟ್ಟನೆಂದು ಕರೆಯುವೆವು. ಹೆಸರು ಹಿಡಿದು ಕೂಗಿದರೆ ಅವನು ತಿರುಗಿ ನೋಡನು. ಆದರೆ ಒಳಕೋಣೆಯಲ್ಲಿ ಡಬ್ಬಿಯ ಮುಚ್ಚಳವೊಂದು ಉರುಳಿದರೆ ಅಂಗಳದಿಂದ ಓಡಿಬರುವನು. ಬೇಕಾದುದನ್ನು ಬೆರಳು ಮಾಡಿ ತೋರಿಸನು. ನನ್ನ ಮಣಿಕಟ್ಟನ್ನು ಹಿಡಿದು, ನನ್ನ ಕೈಯನ್ನೇ ಒಂದು ಸಲಕರಣೆಯಂತೆ ಆ ವಸ್ತುವಿನ ಬಳಿಗೆ ಒಯ್ಯುವನು. ಎರಡು ವರ್ಷ ತುಂಬುವ ವೇಳೆಗೆ ಬಂದಿದ್ದ ನಾಲ್ಕಾರು ಮಾತುಗಳೂ ಒಂದೊಂದಾಗಿ ನಿಂತುಹೋದುವು. ನೆಂಟರು ಅವನಿಗೆ ಒಂದೊಂದು ಹೆಸರು ಕೊಟ್ಟರು: ಒಬ್ಬರು ಮೊಂಡನೆಂದರು, ಒಬ್ಬರು ಕಿವುಡನೆಂದರು, ಮತ್ತೊಬ್ಬರು ತಾಯಿಯ ಮುದ್ದಿನಿಂದ ಕೆಟ್ಟವನೆಂದರು. ಕೊನೆಗೆ ವೈದ್ಯರು ಆಟಿಸಂ ಎಂದರು.

ಈ ಪದವನ್ನು ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್ ಎಂಬ ವೈದ್ಯರು 1911ರಲ್ಲಿ ಬಳಕೆಗೆ ತಂದರು. ಗ್ರೀಕ್ ಭಾಷೆಯಲ್ಲಿ ‘ಆಟೋಸ್’ ಎಂದರೆ ತಾನು ಎಂದರ್ಥ. ಅದನ್ನು ಅನುಸರಿಸಿಯೇ ನಮ್ಮವರು ‘ಸ್ವಲೀನತೆ’ ಎಂದು ಅನುವಾದ ಮಾಡಿರುವರು. ಸಂಸ್ಕೃತವನ್ನು ಪಾಠ ಹೇಳಿ ತಲೆ ನರೆತವನಾದ ನನಗೆ ಈ ಶಬ್ದದ ಮೇಲೆ ಸ್ವಲ್ಪ ಅಸಮಾಧಾನ. ಲೀ ಧಾತುವಿಗೆ ಅಂಟಿಕೊಳ್ಳುವುದೆಂದು ಅರ್ಥ. ಈ ಮಗು ತನಗೆ ತಾನೇ ಅಂಟಿಕೊಂಡಿರುವುದನ್ನು ನಾನು ಕಾಣೆ. ಸೂರಿನಿಂದ ಬೀಳುವ ಮಳೆಯ ಹನಿಗೆ, ಓಡುವ ಗಾಲಿಗೆ, ಮೊರದಲ್ಲಿ ಜಾರುವ ರಾಗಿಗೆ ಅವನು ಅಂಟಿಕೊಳ್ಳುವನು. ನಾವು ನೋಡದೆ ದಾಟಿಹೋಗುವುದರಲ್ಲೆಲ್ಲ ಅವನು ಲೀನ. ಆದುದರಿಂದ ಈ ಲೇಖನದಲ್ಲಿ ಆಟಿಸಂ ಎಂಬ ಪರಕೀಯ ಪದವನ್ನೇ ಇಟ್ಟುಕೊಂಡಿದ್ದೇನೆ. ಅದಕ್ಕೆ ಅರ್ಥ ತಿಳಿಯದಿರುವುದೇ ಮೇಲು.

ಮಗಳು ಅಳಿಯಂದಿರ ಮನೆ ರಾಮನಗರದಲ್ಲಿ. ಅಳಿಯನು ರೇಷ್ಮೆಗೂಡಿನ ವ್ಯಾಪಾರದಲ್ಲಿ ಲೆಕ್ಕ ಬರೆಯುವವನು. ಮಗುವಿನ ಸಲುವಾಗಿ ಮನೆಮಠ ಬಿಟ್ಟು ಬೆಂಗಳೂರಿಗೆ ಹೊರಟುಬಿಡಬೇಕೇ, ಇಲ್ಲಿಯೇ ನಿಂತು ಏನಾದರೂ ಮಾಡಬಹುದೇ ಎಂಬುದು ಅವರಿಗೆ ಹಗಲಿರುಳಿನ ಚಿಂತೆಯಾಗಿದ್ದಿತು. “ನಿರ್ಧರಿಸುವ ಮುಂಚೆ ಈ ಸೀಮೆಯಲ್ಲಿ ನಮ್ಮಂಥವರು ಹೇಗೆ ಬಾಳುತ್ತಿರುವರೋ ಒಂದು ಸಲ ನೋಡಿಬರೋಣ, ಅಮ್ಮ” ಎಂದು ನಾನೇ ಮಗಳನ್ನು ಹೊರಡಿಸಿದೆನು. ಮಾಗಡಿಗೆ ಹೋಗಲು ನನಗೆ ಸ್ವಂತದ ಕಾರಣವೊಂದು ಬೇರೆ ಇದ್ದಿತು. ಅದನ್ನು ಆಗ ಅವಳಿಗೆ ಹೇಳಲಿಲ್ಲ.

ಮೊದಲು ರಾಮನಗರವನ್ನೇ ನೋಡಿದೆವು. ಏಷ್ಯಾ ಖಂಡದಲ್ಲಿಯೇ ಅತಿ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಗ್ಗೆ ಅಳಿಯನ ಹಿಂದೆ ಹೋದೆವು. ರೈತರು ತಂದು ಸುರಿದ ಹಳದಿಗೂಡು ಒಂದು ಕಡೆ, ಬಿಳಿಗೂಡು ಒಂದು ಕಡೆ. ಜನರ ಗದ್ದಲಕ್ಕೆ ಮಗು ಎರಡು ಕಿವಿಗಳನ್ನೂ ಮುಚ್ಚಿಕೊಂಡು ಅಳುವುದಕ್ಕೆ ಮೊದಲು ಮಾಡಿದನು. ಕನಿಕರವುಳ್ಳ ರೈತನೊಬ್ಬನು ತನ್ನ ರಾಶಿಯ ಮುಂದೆ ಅವನನ್ನು ಕುಳ್ಳಿರಿಸಿದನು. ಮಗು ಮೊಣಕೈಯವರೆಗೆ ಗೂಡಿನೊಳಗೆ ತೋಳನ್ನಿಟ್ಟು ತಟ್ಟನೆ ಶಾಂತನಾದನು. ಇಂಥ ಮಕ್ಕಳಿಗೆ ಶಬ್ದ, ಬೆಳಕು, ಸ್ಪರ್ಶಗಳು ನಮಗೆ ತಾಕುವಂತೆ ತಾಕುವುದಿಲ್ಲ; ನಮಗೆ ಸಾಧಾರಣವಾದ ಸದ್ದು ಅವರಿಗೆ ಸುತ್ತಿಗೆಯ ಪೆಟ್ಟಾಗಬಹುದು; ನಮಗೆ ಏನೂ ಅಲ್ಲದ ನುಣುಪು ಅವರಿಗೆ ಪರಮಸುಖವಾಗಬಹುದು. ಮೊಂಡತನವೆಂದು ನಾವು ಗದರಿಸುವುದು ಅನೇಕ ವೇಳೆ ನೋವು.

ಇಂಥ ಮಗುವನ್ನು ಗೂಡಿನಲ್ಲಿ ಅಡಗಿದ ಹುಳುವಿಗೆ ಹೋಲಿಸುವವರುಂಟು. ರಾಮನಗರದವರಿಗೆ ಈ ಉಪಮೆ ಸೊಗಸಾಗದು. ಗೂಡನ್ನು ಇಲ್ಲಿ ಬಿಚ್ಚುವುದು ಕುದಿಯುವ ನೀರಿಗೆ ಹಾಕಿ. ಒಳಗಿನ ಜೀವ ಉಳಿಯುವುದಿಲ್ಲ. ‘ಎರಡು ತಿಂಗಳಲ್ಲಿ ಗುಣ ಮಾಡುವೆವು’ ಎಂದು ಹಣ ಕೇಳುವವರನ್ನು ಕಂಡಾಗಲೆಲ್ಲ ನನಗೆ ಆ ಬಾಣಲೆಯ ನೆನಪಾಗುವುದು. ಆಟಿಸಂ ಹುಟ್ಟಿನೊಡನೆ ಬಂದ ಮನಸ್ಸಿನ ಒಂದು ಬಗೆ. ಅದನ್ನು ಸುಲಿದು ತೆಗೆಯುವ ಔಷಧವಿಲ್ಲ. ಮಗುವಿಗೆ ಕಲಿಸಬಹುದು, ಅದರ ದಾರಿಯನ್ನು ಸುಗಮ ಮಾಡಬಹುದು.

ವಿದ್ಯಾವಂತರು ಈ ಮಾತನ್ನು ಕಲಿತುದು ಸುಲಭವಾಗಿ ಅಲ್ಲ. 1943ರಲ್ಲಿ ಅಮೆರಿಕೆಯ ಬಾಲ್ಟಿಮೋರಿನ ಲಿಯೋ ಕ್ಯಾನರ್ ಎಂಬ ವೈದ್ಯರು ಎಂಟು ಗಂಡು, ಮೂರು ಹೆಣ್ಣು, ಒಟ್ಟು 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಮರುವರ್ಷ ವಿಯೆನ್ನಾದ ಆಸ್ಪರ್ಗರ್ ಎಂಬವರೂ ಇಂಥದೇ ಮಕ್ಕಳನ್ನು ವರ್ಣಿಸಿದರು. ಆ ಮೇಲೆ ಬಂದುದು ಒಂದು ದುರ್ದಶೆ. ತಾಯಿಯ ಹೃದಯ ತಣ್ಣಗಿದ್ದುದರಿಂದಲೇ ಮಗು ಹೀಗಾಯಿತೆಂದು ಪಂಡಿತರೇ ನುಡಿದರು. ಬೆಟೆಲ್‌ಹೈಮ್ ಎಂಬವರು 1967ರಲ್ಲಿ ಈ ವಾದದ ಮೇಲೆ ಪುಸ್ತಕವನ್ನೇ ಬರೆದರು. ಇದನ್ನು ಮೊದಲು ಬಲವಾಗಿ ಖಂಡಿಸಿದವರು ಸ್ವತಃ ಇಂಥ ಒಬ್ಬ ಬಾಲಕನ ತಂದೆಯಾದ ಬರ್ನಾರ್ಡ್ ರಿಮ್ಲಂಡ್, 1964ರಲ್ಲಿ. 1969ರಲ್ಲಿ ಕ್ಯಾನರರೇ ತಂದೆತಾಯಿಗಳ ಸಭೆಯೊಂದರ ಎದುರಿಗೆ ನಿಂತು, ಅವರೆಲ್ಲರೂ ನಿರ್ದೋಷಿಗಳೆಂದು ಸಾರಿದರು. 1977ರಲ್ಲಿ ಲಂಡನ್ನಿನ ಫೋಲ್‌ಸ್ಟೈನ್ ಮತ್ತು ರಟರ್ ಎಂಬವರು 21 ಜೊತೆ ಅವಳಿ ಮಕ್ಕಳನ್ನು ಪರೀಕ್ಷಿಸಿ, ಇದರ ಬೇರು ಬಹುಮಟ್ಟಿಗೆ ವಂಶಗುಣದಲ್ಲಿ ಇರುವುದೆಂದು ತೋರಿಸಿದರು. ಚುಚ್ಚುಮದ್ದಿನಿಂದ ಆಟಿಸಂ ಬರುವುದೆಂದು 1998ರಲ್ಲಿ ಎದ್ದ ಕೂಗು ಕೂಡ ಸುಳ್ಳಾಯಿತು. ಹಾಗೆಂದು ಸೂಚಿಸಿದ ಲೇಖನವನ್ನು ಅಚ್ಚುಮಾಡಿದ ಪತ್ರಿಕೆಯೇ 2010ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. 2019ರಲ್ಲಿ ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೆ ಮೇಲ್ಪಟ್ಟ ಮಕ್ಕಳ ದಾಖಲೆಗಳನ್ನು ನೋಡಿದವರಿಗೆ ಇವೆರಡಕ್ಕೂ ಸಂಬಂಧ ಕಾಣಲಿಲ್ಲ.

ಈ ಸಂಗತಿಗಳನ್ನು ನಾನು ಮಗಳಿಗೆ ಓದಿ ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, “ಅಪ್ಪ, ನಮ್ಮ ಬೀದಿಯಲ್ಲಿ ಇನ್ನೂ 1967ನೇ ಇಸವಿಯೇ ನಡೆಯುತ್ತಿದೆ” ಎಂದಳು.

ರಾಮನಗರದಿಂದ ಚನ್ನಪಟ್ಟಣವು ಸುಮಾರು 12 ಕಿಲೋಮೀಟರು. ಇಲ್ಲಿಯ ಬಣ್ಣದ ಬೊಂಬೆಗಳನ್ನು ಕಾಣದ ಮನೆ ನಮ್ಮ ದೇಶದಲ್ಲಿ ಕಡಮೆ. ಟಿಪ್ಪುವಿನ ಕಾಲದಲ್ಲಿ ಪಾರಸೀಕ ಕುಶಲಿಗರಿಂದ ಈ ವಿದ್ಯೆ ಇಲ್ಲಿಗೆ ಬಂದಿತೆಂಬುದು ಪ್ರತೀತಿ; ಹಿಂದಿನ ಶತಮಾನದ ಆರಂಭದಲ್ಲಿ ಅದನ್ನು ಬೆಳೆಸಿದವರೆಂದು ಬಾವಾಸ್ ಮಿಯಾ ಎಂಬವರನ್ನು ಊರಿನವರು ಇಂದಿಗೂ ಸ್ಮರಿಸುವರು. ಆಲೆಮರದ ಬಿಳಿಯ, ಮೃದುವಾದ ಕಟ್ಟಿಗೆಯನ್ನು ಒಣಗಿಸಿ, ತಿರುಗುವ ಯಂತ್ರಕ್ಕೆ ಸಿಕ್ಕಿಸಿ, ಉಳಿಯಿಂದ ಕಡೆಯುವರು. ಅದು ತಿರುಗುತ್ತಿರುವಂತೆಯೇ ಬಣ್ಣ ಬೆರೆತ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುವುದು. ಬಳಿಕ ಒಣಗಿದ ಗರಿಯೊಂದನ್ನು ಒತ್ತಿ ತಿಕ್ಕಿದರೆ ಕನ್ನಡಿಯಂಥ ಹೊಳಪು.

ಒಬ್ಬ ಮುದುಕ ಕೆಲಸಗಾರನ ಅಂಗಡಿಯಲ್ಲಿ ಮಗುವಿನ ಕೈಗೆ ಒಂದು ಬಂಡಿಯ ಬೊಂಬೆಯನ್ನು ಕೊಟ್ಟೆವು. ಅವನು ಅದನ್ನು ಎಳೆದಾಡಲಿಲ್ಲ. ತಲೆಕೆಳಗು ಮಾಡಿ, ಒಂದು ಗಾಲಿಯನ್ನು ಬೆರಳಿನಿಂದ ತಿರುಗಿಸಿ, ಕಣ್ಣಿನ ಅಂಚಿನಿಂದ ನೋಡುತ್ತ ಕುಳಿತನು. ಮಗಳು ನಾಚಿಕೊಂಡು, “ಹಾಗಲ್ಲ ಪುಟ್ಟ, ಹೀಗೆ” ಎಂದು ತಿದ್ದಹೋದಳು. ಮುದುಕನು ತಡೆದನು. “ಬಿಡಿ ತಾಯಿ. ನಾನೂ ಐವತ್ತು ವರ್ಷದಿಂದ ತಿರುಗೋದನ್ನೇ ನೋಡ್ಕೊಂಡು ಕೂತಿದೀನಿ. ಅದರಲ್ಲೇ ಅನ್ನ ಹುಟ್ಟಿದೆ” ಎಂದನು. ಯಂತ್ರದ ಪಕ್ಕದಲ್ಲಿ ಒಂದು ಮಣೆ ಹಾಕಿ ಮಗುವನ್ನು ಕುಳ್ಳಿರಿಸಿಕೊಂಡು, ಒಂದು ಬುಗುರಿಗೆ ಕೆಂಪು ಹಚ್ಚಿದನು, ನಿಲ್ಲಿಸಿದನು, ಹಳದಿಯ ಕಡ್ಡಿಯನ್ನು ಎತ್ತಿ ಹಿಡಿದು ಕಾದನು. ಅರ್ಧ ನಿಮಿಷದ ಮೇಲೆ ಮಗು ಆ ಕಡ್ಡಿಯನ್ನು ಹಿಡಿದಿದ್ದ ಕೈಯನ್ನು ಯಂತ್ರದ ಕಡೆಗೆ ತಳ್ಳಿದನು, ಮತ್ತು ಒಂದು ಕ್ಷಣ ಆ ಮುದುಕನ ಮುಖವನ್ನು ನೋಡಿದನು. ಇಷ್ಟೇ. ಆದರೆ ಇಷ್ಟಕ್ಕಾಗಿಯೇ ಚಿಕಿತ್ಸಕರು ತಿಂಗಳುಗಟ್ಟಲೆ ಶ್ರಮಿಸುವರು. ಮಗುವಿನ ಆಸಕ್ತಿ ಎಲ್ಲಿದೆಯೋ ಅಲ್ಲಿಗೆ ನಾವು ಹೋಗಿ, ಅದರ ಪಕ್ಕದಲ್ಲಿ ಕುಳಿತು, ನಡುವೆ ಒಂದು ತಡೆ ಕೊಟ್ಟು, ಅದು ನಮ್ಮ ಕಡೆಗೆ ತಿರುಗುವುದನ್ನು ಕಾಯಬೇಕೆಂದು ಇಂದಿನ ಶಾಸ್ತ್ರ ಹೇಳುವುದು.

ಕ್ಯಾನರರ ಪಟ್ಟಿಯಲ್ಲಿ ಮೊದಲನೆಯವನಾಗಿದ್ದ ಡೊನಾಲ್ಡ್ ಎಂಬ ಬಾಲಕನೂ ಸಿಕ್ಕಿದ್ದನ್ನೆಲ್ಲ ಗಿರ್ರನೆ ತಿರುಗಿಸುತ್ತಿದ್ದವನೇ. ಅವನು ಬೆಳೆದು, ತನ್ನ ಸಣ್ಣ ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿ, ದೇಶಗಳನ್ನು ಸುತ್ತಿ, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ಊರಿನವರು ಅವನನ್ನು ಅವನಂತೆಯೇ ಒಪ್ಪಿ ಕಾಪಾಡಿಕೊಂಡರೆಂಬುದು ಪ್ರಸಿದ್ಧವಾಗಿದೆ. ಎಲ್ಲ ಮಕ್ಕಳೂ ಡೊನಾಲ್ಡನಂತೆ ಆಗಲಾರರು. ಆದರೆ ಎಲ್ಲ ಊರುಗಳೂ ಅವನ ಊರಿನಂತೆ ಆಗಬಹುದು.

ಚನ್ನಪಟ್ಟಣದ ಆಚೆಗೆ ಮೈಸೂರಿನ ದಾರಿಯಲ್ಲಿ ದೊಡ್ಡಮಳೂರು. ಅಪ್ರಮೇಯಸ್ವಾಮಿಯ ಗುಡಿಯಲ್ಲಿ ಅಂಬೆಗಾಲಿಡುವ ನವನೀತಕೃಷ್ಣನ ಸನ್ನಿಧಿಯಿದೆ. ಪುರಂದರದಾಸರು ಈ ಮೂರ್ತಿಯ ಮುಂದೆ ಹಾಡಿದರೆಂದು ಹೇಳುವರು. ಮಕ್ಕಳನ್ನು ಬೇಡುವವರು ಇಲ್ಲಿ ಹರಕೆ ಹೊತ್ತು ತೊಟ್ಟಿಲನ್ನು ಒಪ್ಪಿಸುವರು. ಏಳು ವರ್ಷದ ಹಿಂದೆ ನನ್ನ ಮಗಳೂ ಒಂದು ತೊಟ್ಟಿಲನ್ನು ಒಪ್ಪಿಸಿದ್ದಳು. ಮಂಗಳಾರತಿಯ ಗಂಟೆ ಮೊಳಗಿದ ಕೂಡಲೇ ಮಗು ಚೀರಿ ನೆಲಕ್ಕೆ ಬಿದ್ದನು. ನಿಂತಿದ್ದ ಭಕ್ತರು ಒಬ್ಬೊಬ್ಬರಾಗಿ ತಿರುಗಿ ನೋಡಿದರು. ಆ ನೋಟವನ್ನು ತಿಂದವರಿಗೇ ಅದರ ಉರಿ ಗೊತ್ತು. ವಯಸ್ಸಾದ ಅರ್ಚಕರು ಆರತಿಯನ್ನು ನಿಲ್ಲಿಸದೆ, ಎಡಗೈಯಿಂದ ಗಂಟೆಯ ನಾಲಗೆಯನ್ನು ಹಿಡಿದುಬಿಟ್ಟರು. ಗುಡಿ ನಿಶ್ಶಬ್ದವಾಯಿತು. ಆರತಿ ನಡೆದೇ ನಡೆಯಿತು. ಹೊರಗೆ ಬಂದ ಮೇಲೆ ಮಗಳನ್ನು, “ಏನು ಕೇಳಿಕೊಂಡೆ?” ಎಂದು ಕೇಳಿದೆನು. “ಅವನು ಮಾತಾಡಲಿ ಎಂದು ಕೇಳಿಕೊಳ್ಳೋಣವೆಂದು ಹೋಗಿದ್ದೆ. ಅವನು ಹೇಳುವುದು ನನಗೆ ತಿಳಿಯಲಿ ಎಂದು ಬೇಡಿಕೊಂಡು ಬಂದೆ” ಎಂದಳು.

ಮಾರನೆಯ ದಿನ ಕನಕಪುರಕ್ಕೆ ಬಸ್ಸು ಹಿಡಿದೆವು. ಹಿಂದೆ ಕಾನಕಾನಹಳ್ಳಿ ಎನಿಸಿಕೊಂಡಿದ್ದ ಈ ಊರೂ ರೇಷ್ಮೆಯ ಊರೇ. ಅಳಿಯನಿಗೆ ಪರಿಚಿತಳಾದ ಒಬ್ಬ ನೂಲು ಬಿಚ್ಚುವ ಹೆಂಗಸಿನ ಮನೆಯಲ್ಲಿ ಇಳಿದೆವು. ಆಕೆಯ ಮಗಳಿಗೆ ಹನ್ನೆರಡು ವರ್ಷ. ಹತ್ತನೆಯ ವಯಸ್ಸಿನವರೆಗೆ ಎಲ್ಲರೂ ಆ ಹುಡುಗಿಯನ್ನು ‘ನಾಚಿಕೆಯ ಸ್ವಭಾವ’ ಎಂದೇ ತಿಳಿದಿದ್ದರು. ಹೆಣ್ಣುಮಕ್ಕಳಲ್ಲಿ ಆಟಿಸಂ ಹೀಗೆ ಮರೆಯಾಗಿ ಉಳಿಯುವುದು ಹೆಚ್ಚೆಂದು ಬಲ್ಲವರು ಹೇಳುವರು. ಬೆಂಗಳೂರು ಅಲ್ಲಿಗೆ ಸುಮಾರು 55 ಕಿಲೋಮೀಟರು. ಒಂದು ಸಲ ಹೋಗಿಬಂದರೆ ಒಂದು ದಿನದ ಕೂಲಿ ಹೋಯಿತು. ಆದುದರಿಂದ ಆಕೆ ಮನೆಯನ್ನೇ ಪಾಠಶಾಲೆ ಮಾಡಿಕೊಂಡಿರುವಳು. ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ ಬರುವ ಉಪಾಧ್ಯಾಯಿನಿಯೊಬ್ಬರು ಮನೆಯಲ್ಲಿಯೇ ಕಲಿಸುವ ಕ್ರಮವನ್ನು ತೋರಿಸಿಕೊಟ್ಟರಂತೆ. ಗೋಡೆಯ ಮೇಲೆ ಒಂದು ಹಗ್ಗ. ಅದಕ್ಕೆ ಸಾಲಾಗಿ ಸಿಕ್ಕಿಸಿದ ಚಿತ್ರಗಳು: ಹಲ್ಲುಜ್ಜುವುದು, ಸ್ನಾನ, ಊಟ, ಹಿಪ್ಪುನೇರಳೆ ಸೊಪ್ಪು ಬಿಡಿಸುವುದು. ಒಂದು ಕೆಲಸ ಮುಗಿದರೆ ಹುಡುಗಿಯೇ ಆ ಚಿತ್ರವನ್ನು ತೆಗೆದು ಬುಟ್ಟಿಗೆ ಹಾಕುವಳು. ಮುಂದೇನೆಂಬುದು ಕಣ್ಣಿಗೆ ಕಾಣುತ್ತಿದ್ದರೆ ಅವಳಿಗೆ ಭಯವಿಲ್ಲ. ನೀರು ಬೇಕಾದರೆ ಲೋಟದ ಚಿತ್ರವನ್ನು ತಂದು ಕೊಡುವಳು.

“ಚಿತ್ರ ಕೊಟ್ಟರೆ ಮಾತು ಬರುವುದೇ ಇಲ್ಲವೆಂದು ಹೇಳುತ್ತಾರಲ್ಲ?” ಎಂದು ನನ್ನ ಮಗಳು ಕೇಳಿದಳು. “ಅಯ್ಯೋ ಅಕ್ಕ, ಕೋಲೂರಿಕೊಂಡ್ರೆ ಕಾಲು ಹೋಗ್ತದಾ? ಚಿತ್ರ ಬಂದ್ಮೇಲೇ ಇವಳು ‘ನೀ’ ಅಂತ ಅಂದಿದ್ದು” ಎಂದಳು ಆಕೆ. ಸಂಶೋಧನೆಯೂ ಇದನ್ನೇ ಹೇಳುವುದು. ಚಿತ್ರ, ಸಂಜ್ಞೆಗಳು ಮಾತನ್ನು ತಡೆಯುವುದಿಲ್ಲ, ಕೆಲವರಿಗೆ ಮಾತಿನ ಮೆಟ್ಟಿಲಾಗುವುವು.

ಅಲ್ಲಿಂದ ಎಲ್ಲರೂ ಕೂಡಿ ಸಂಗಮಕ್ಕೆ ಹೋದೆವು. ಅರ್ಕಾವತಿಯು ಕಾವೇರಿಯನ್ನು ಸೇರುವ ಸ್ಥಳವದು. ಇನ್ನೂ ಮುಂದೆ ಹೋದರೆ ಕಾವೇರಿಯು ಬಂಡೆಗಳ ಇಕ್ಕಟ್ಟಿನಲ್ಲಿ ಕೊರೆದು ನುಗ್ಗುವ ಮೇಕೆದಾಟು. ಹೊಳೆ ತಿಳಿಯಾಗಿ, ಬಿಸಿಲಿಗೆ ಮಿನುಗುತ್ತಿದ್ದಿತು. ನಾನು ಚೀಲದಿಂದ ಬುತ್ತಿಯನ್ನು ತೆಗೆಯಲು ಮಗುವಿನ ಕೈಯನ್ನು ಬಿಟ್ಟೆನು. ಬುತ್ತಿಯ ಗಂಟನ್ನು ಬಿಚ್ಚಿ ತಲೆಯೆತ್ತುವುದರೊಳಗೆ ಅವನು ಸೊಂಟದ ನೀರಿನಲ್ಲಿದ್ದನು. ಕೂಗಿದೆವು, ಅವನಿಗೆ ಕೂಗು ಕೇಳಿಸಲೊಲ್ಲದು, ಮಿನುಗುವ ನೀರನ್ನು ಹಿಡಿಯುವುದಕ್ಕೆ ಮುಂದೆ ಮುಂದೆ ಹೋಗುತ್ತಿದ್ದನು. ಹರಿಗೋಲಿನವನೊಬ್ಬನು ಧುಮುಕಿ ಎತ್ತಿಕೊಂಡು ಬಂದನು. ಹೊರಗಿನಿಂದ ಶಾಂತವಾಗಿ ಕಾಣುವ ಆ ಮಡುವುಗಳು ಈಜು ಬಲ್ಲವರನ್ನೂ ನುಂಗಿರುವುವು. ನನ್ನ ಕೈಕಾಲುಗಳ ನಡುಕ ಸಂಜೆಯವರೆಗೆ ನಿಲ್ಲಲಿಲ್ಲ. ಇಂಥ ಅನೇಕ ಮಕ್ಕಳಿಗೆ ನೀರೆಂದರೆ ಅತಿಶಯವಾದ ಸೆಳೆತ. ಹೇಳದೆ ಹೊರಟುಬಿಡುವ ಅಭ್ಯಾಸವೂ ಉಂಟು. ಇವೆರಡೂ ಸೇರಿದಲ್ಲಿ ಮೃತ್ಯು. ಕನಕಪುರದ ಆ ತಾಯಿ ತನ್ನ ಮನೆಯ ಬಾಗಿಲಿಗೆ ಮಗುವಿಗೆ ಎಟುಕದ ಎತ್ತರದಲ್ಲಿ ಎರಡನೆಯ ಅಗಳಿಯನ್ನು ಹಾಕಿಸಿ, ಮಗಳ ಕೈಬಳೆಯಲ್ಲಿ ತನ್ನ ದೂರವಾಣಿಯ ಸಂಖ್ಯೆಯನ್ನು ಕೆತ್ತಿಸಿರುವಳು. ಈಜನ್ನು ಬೇಗ ಕಲಿಸಬೇಕೆಂದೂ, ನೀರಿನ ಬಳಿ ಒಬ್ಬರು ಬೇರೆ ಕೆಲಸವನ್ನೇ ಇಟ್ಟುಕೊಳ್ಳದೆ ಮಗುವನ್ನೇ ಕಾಯಬೇಕೆಂದೂ ಆಕೆ ನನಗೆ ಪಾಠ ಹೇಳಿದಳು. ಮೂವತ್ತೈದು ವರ್ಷ ಪಾಠ ಹೇಳಿದವನು ತಲೆ ಬಾಗಿಸಿ ಕೇಳಿದೆನು.

ಕೊನೆಯದು ಮಾಗಡಿ. ಕೆಂಪೇಗೌಡರ ವಂಶದವರು ಆಳಿದ ಸೀಮೆ. ತಿರುಮಲೆಯ ರಂಗನಾಥ, ಸೋಮೇಶ್ವರ, ಮತ್ತು ಒಂದೇ ಕಲ್ಲಾಗಿ ಆಕಾಶಕ್ಕೆದ್ದ ಸಾವನದುರ್ಗ ಇಲ್ಲಿಯ ದರ್ಶನಗಳು. ಶತಾಯುಷಿಗಳಾಗಿ ಬಾಳಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಹುಟ್ಟಿದ ವೀರಾಪುರವೂ, ಮಕ್ಕಳಿಲ್ಲದ ದುಃಖದಲ್ಲಿ ಬಿಂದಿಗೆಯಿಂದ ನೀರು ಹೊತ್ತು ಆಲದ ಸಾಲನ್ನು ಬೆಳೆಸಿ, 2019ರಲ್ಲಿ ಪದ್ಮಶ್ರೀ ಪಡೆದ ಸಾಲುಮರದ ತಿಮ್ಮಕ್ಕನವರ ಹುಲಿಕಲ್ಲೂ ಈ ತಾಲ್ಲೂಕಿನವೇ.

ಈಗ ನನ್ನ ಕಾರಣವನ್ನು ಹೇಳಬೇಕು. ಮೂವತ್ತು ವರ್ಷಗಳ ಹಿಂದೆ ನಾನು ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಹತ್ತು ವರ್ಷದ ಹುಡುಗನೊಬ್ಬನಿದ್ದನು. ನಾನು, “ನಿನ್ನ ಹೆಸರೇನು?” ಎಂದರೆ ಅವನೂ, “ನಿನ್ನ ಹೆಸರೇನು?” ಎನ್ನುವನು. “ಪುಸ್ತಕ ಎಲ್ಲಿ?” ಎಂದರೆ “ಪುಸ್ತಕ ಎಲ್ಲಿ?” ಎನ್ನುವನು, ಅದೂ ನನ್ನ ಧ್ವನಿಯಲ್ಲಿಯೇ. ತರಗತಿ ನಗುತ್ತಿದ್ದಿತು. ಅಣಕಿಸುತ್ತಾನೆಂದು ನಾನು ಅವನಿಗೆ ಹೊಡೆದೆನು. ಒಂದು ದಿನವಲ್ಲ, ಅನೇಕ ದಿನ. ಒಂದು ಸಂಜೆ ಅವನ ತಂದೆ ಬಂದು, ಒಂದು ಮಾತನ್ನೂ ಆಡದೆ, ಅವನನ್ನು ಕರೆದುಕೊಂಡು ಹೋದನು. ಹುಡುಗನು ಮತ್ತೆ ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಲಿಲ್ಲ.

ಕೇಳಿದುದನ್ನೇ ಮರಳಿ ನುಡಿಯುವುದು ಆಟಿಸಂನ ಒಂದು ಲಕ್ಷಣವೆಂದೂ, ಅದು ಅಣಕವಲ್ಲ, ಉತ್ತರ ಕೊಡುವ ಪ್ರಯತ್ನವೇ ಎಂದೂ ನನಗೆ ತಿಳಿದುದು ಮೊಮ್ಮಗನ ನೆಪದಿಂದ ಪುಸ್ತಕಗಳನ್ನು ತಿರುವಿದ ಮೇಲೆ. ನಾನು ಬಾಲ್ಯದಲ್ಲಿ ವಿದ್ಯೆ ಕಲಿತುದಾದರೂ ಹೇಗೆ? ಪಾಠಶಾಲೆಯಲ್ಲಿ ಗುರುಗಳು ಒಮ್ಮೆ ಹೇಳಿದುದನ್ನು ನಾವು ಎರಡಾವರ್ತಿ ಹೇಳುತ್ತಿದ್ದೆವು. ಅದಕ್ಕೆ ಸಂತೆ ಹೇಳುವುದೆಂದು ಹೆಸರು. ಸಂತೆಯಿಂದ ಬದುಕು ಕಟ್ಟಿಕೊಂಡವನು, ಸಂತೆ ಹೇಳಿದ ಹುಡುಗನನ್ನು ಹೊಡೆದು ಓಡಿಸಿದೆನು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿತು. ಆಗ ಆ ಕಾಯಿದೆ ಇರಲಿಲ್ಲ. ಕಣ್ಣಿದ್ದಿತಷ್ಟೆ, ಅದನ್ನು ನಾನು ಬಳಸಲಿಲ್ಲ.

ವಿಚಾರಿಸುತ್ತ ಮಾಗಡಿಯ ಬಳಿಯ ಅವರ ಹಳ್ಳಿಗೆ ಹೋದೆವು. ತಂದೆ ತೀರಿಕೊಂಡು ಬಹಳ ವರ್ಷವಾಗಿದ್ದಿತು. ವೃದ್ಧೆಯಾದ ತಾಯಿ ಜಗಲಿಯಲ್ಲಿ ಕುಳಿತಿದ್ದಳು. ಮಗನು ಮಾವಿನ ಸಸಿಗಳಿಗೆ ನೀರು ಹೊಯ್ಯುತ್ತಿದ್ದನು. ನಲವತ್ತರ ಗಂಡಸು, ಗಡ್ಡ ನರೆಯಲು ಮೊದಲಾಗಿದೆ. ನನ್ನನ್ನು ಕಂಡವನೇ ಬಿಂದಿಗೆಯನ್ನು ಇಳಿಸಿದನು. ಮುಖವನ್ನು ಬೇರೆ ಕಡೆಗೆ ತಿರುಗಿಸಿ, ಮೂವತ್ತು ವರ್ಷದ ಹಿಂದಿನ ನನ್ನ ಸ್ವರದಲ್ಲಿ, ಒಂದಕ್ಷರ ತಪ್ಪದೆ, “ರಾಮಃ, ರಾಮೌ, ರಾಮಾಃ” ಎಂದು ಮೊದಲುಮಾಡಿ ಸಪ್ತಮಿಯವರೆಗೆ ಒಪ್ಪಿಸಿದನು. ಬಳಿಕ ಅದೇ ಸ್ವರದಲ್ಲಿ, “ಕೈ ಚಾಚು” ಎಂದು, ತನ್ನ ಅಂಗೈಯನ್ನು ನೀಡಿದನು.

ನಾನು ಏನು ಮಾಡಬೇಕಿದ್ದಿತೋ ಅರಿಯೆನು. ಅವನ ಕೈಯನ್ನು ಹಿಡಿಯೋಣವೆಂದರೆ ಮುಟ್ಟಿದರೆ ಅವನಿಗೆ ಆಗುವುದೋ ಇಲ್ಲವೋ. ನನ್ನ ಅಂಗೈಯನ್ನು ಅವನ ಮುಂದೆ ಚಾಚಿ ನಿಂತೆನು. ಅವನು ಕಣ್ಣಿನ ಅಂಚಿನಿಂದ ಅದನ್ನು ನೋಡಿ, ಬಿಂದಿಗೆಯನ್ನು ಎತ್ತಿಕೊಂಡು ಹೊರಟುಹೋದನು.

ತಾಯಿಯ ಮುಂದೆ ನನ್ನ ತಪ್ಪನ್ನು ಹೇಳಿಕೊಂಡೆನು. ಆಕೆ, “ಅವನಿಗೆ ಯಾವುದೂ ಮರೆಯೋದಿಲ್ಲ ಮೇಷ್ಟ್ರೆ” ಎಂದಳು. ಕ್ಷಮಿಸಿದೆನೆಂದು ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಹೋಗಿ ಮಜ್ಜಿಗೆ ತಂದಳು. ಅನಂತರ, “ನೀವು ಓದಿದೋರು. ಒಂದು ಕೇಳ್ತೀನಿ, ಹೇಳಿ. ನಾನು ಹೋದಮೇಲೆ ಇವನನ್ನ ನೋಡೋರು ಯಾರು?” ಎಂದಳು.

ಈ ಪ್ರಶ್ನೆಯನ್ನು ಮಗಳು ಎಂದೂ ಬಾಯಿಬಿಟ್ಟು ಕೇಳಿರಲಿಲ್ಲ. ಅವಳು ಆಗ ನನ್ನ ಮುಖವನ್ನೇ ನೋಡಿದಳು. ನನಗೆ ತಿಳಿದಷ್ಟನ್ನು ಹೇಳಿದೆನು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ ಆಟಿಸಂ ಉಳ್ಳವರಿಗೆ ಹದಿನೆಂಟು ವರ್ಷವಾದ ಮೇಲೆ, ಅಗತ್ಯವಿದ್ದಲ್ಲಿ, ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಯು ಪಾಲಕರನ್ನು ನೇಮಿಸಬಹುದು. ಅದೇ ನ್ಯಾಸದ ನಿರಾಮಯ ಎಂಬ ವಿಮೆಯಿಂದ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ವೆಚ್ಚ ದೊರೆಯುವುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಅನ್ನೂ ಎಣಿಸಿದೆ; ನಿಗದಿಯಾದ ಪ್ರಮಾಣದ ವೈಕಲ್ಯವುಳ್ಳ ಮಕ್ಕಳಿಗೆ ಆರರಿಂದ ಹದಿನೆಂಟರವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಇವೆಲ್ಲಕ್ಕೂ ಮೊದಲು ಪ್ರಮಾಣಪತ್ರವಾಗಬೇಕು. ಅದಕ್ಕಾಗಿ ನಮ್ಮ ದೇಶದಲ್ಲಿಯೇ ರಚಿತವಾದ, 40 ಅಂಶಗಳುಳ್ಳ ಮಾಪನದಿಂದ ಪರೀಕ್ಷಿಸುವರು. ನಲವತ್ತು ವರ್ಷದ ಆ ಮನುಷ್ಯನಿಗೆ ಯಾವ ಪ್ರಮಾಣಪತ್ರವೂ ಇರಲಿಲ್ಲ. ಅವನಿಗೆ ಆಟಿಸಂ ಇದೆಯೆಂದು ನಿರ್ಣಯಿಸುವುದು ವೈದ್ಯರ ಕೆಲಸ, ನನ್ನದಲ್ಲ; ಆದರೆ ಅವನನ್ನು ವೈದ್ಯರ ಬಳಿಗೆ ಕರೆದೊಯ್ಯುವ ಕೆಲಸ ನನ್ನದೆಂದು ಒಪ್ಪಿಕೊಂಡು ಬಂದೆನು. ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ, ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇರುವರೆಂಬುದು ಆಕೆಗೆ ಗೊತ್ತಿರಲಿಲ್ಲ. ಹತ್ತು ದಿನದ ಹಿಂದಿನವರೆಗೆ ನನಗೂ ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಮಗಳು ಅಳಿಯಂದಿರು ಒಂದು ನಿರ್ಧಾರಕ್ಕೆ ಬಂದರು. ಸದ್ಯಕ್ಕೆ ರಾಮನಗರವನ್ನು ಬಿಡುವುದಿಲ್ಲ. ವಾರಕ್ಕೆ ಎರಡು ದಿನ ರೈಲಿನಲ್ಲಿ ಬೆಂಗಳೂರಿನ ಚಿಕಿತ್ಸೆಗೆ ಹೋಗಿಬರುವುದು. ಉಳಿದ ದಿನಗಳ ಪಾಠ ನನ್ನದು. ನಮ್ಮ ಗೋಡೆಯ ಮೇಲೂ ಈಗ ಒಂದು ಹಗ್ಗ, ಚಿತ್ರಗಳ ಸಾಲು ಬಂದಿವೆ. ಮಗು ಇನ್ನೂ ಮಾತಾಡಿಲ್ಲ. ಆದರೆ ಬುಗುರಿಯ ಚಿತ್ರವನ್ನು ತಂದು ನನ್ನ ಕೈಯಲ್ಲಿಡುವುದನ್ನು ಕಲಿತಿರುವನು.

ಓದುವ ತಾಯಂದಿರಲ್ಲಿ ಎರಡು ಮಾತು. ವರ್ಷ ತುಂಬಿದರೂ ಮಗು ಹೆಸರಿಗೆ ತಿರುಗದಿದ್ದರೆ, ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷಕ್ಕೆ ಎರಡು ಪದಗಳನ್ನು ತಾನಾಗಿ ಕೂಡಿಸದಿದ್ದರೆ, ಬಂದ ಮಾತು ನಿಂತುಹೋದರೆ, ‘ನಮ್ಮ ಮನೆಯಲ್ಲಿ ಎಲ್ಲರಿಗೂ ಮಾತು ತಡ’ ಎಂದು ಕಾಯುತ್ತ ಕೂಡಬೇಡಿರಿ. 2013ರಲ್ಲಿ ಮೊದಲಾದ ರಾಷ್ಟ್ರೀಯ ಬಾಲಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಅಂಗನವಾಡಿಗೆ ಬಂದಾಗ ತೋರಿಸಿರಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಇದನ್ನು ಬಲ್ಲವರಿರುವರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಲೋಕದಲ್ಲಿ 127 ಮಂದಿಗೆ ಒಬ್ಬರು ಆಟಿಸಂ ಉಳ್ಳವರು; ಆದುದರಿಂದ ನಿಮ್ಮ ಮನೆಯಲ್ಲಿ ಇಲ್ಲದಿದ್ದರೂ ನಿಮ್ಮ ಬೀದಿಯಲ್ಲಿ ಇರಬಹುದು. ಗುಡಿಯಲ್ಲಿಯೋ ಬಸ್ಸಿನಲ್ಲಿಯೋ ಒಂದು ಮಗು ಚೀರಿ ಬಿದ್ದರೆ ತಾಯಿಯ ಕಡೆಗೆ ನೋಡದೆ ಗಂಟೆಯ ಕಡೆಗೆ ನೋಡಿರಿ.

ಮರುತಿಂಗಳು ನಾನೊಬ್ಬನೇ ಮಾಗಡಿಗೆ ಹೋದೆನು. “ಕೈ ಚಾಚು” ಎಂದನು ಅವನು. ಚಾಚಿದೆನು. ನೀರು ತುಂಬಿದ ಬಿಂದಿಗೆಯೊಂದನ್ನು ತಂದು ನನ್ನ ಕೈಗೆ ಕೊಟ್ಟನು. ನನ್ನ ಕಣ್ಣು ತುಂಬಿದುದನ್ನು ಕಂಡು ಆ ತಾಯಿ, “ಬಂದೋರಿಗೆಲ್ಲ ಹಾಗೇ ಕೊಡ್ತಾನೆ ಮೇಷ್ಟ್ರೆ. ಆ ಕೊನೇ ಎರಡು ಗಿಡಕ್ಕೆ ಹುಯ್ಯಿ” ಎಂದಳು. ಅದರಂತೆ ಹೊಯ್ದು ಬಂದೆನು.